ಕೊಡೆ ಬಟ್ಟೆಯ ಬಾವುಟ

ಜೂನ್ ೪

ಕಡ್ಡಿ,

ಈ ಕಾಗದಕ್ಕಿಂತ ಮೊದಲು ಪೆಟ್ಟಿಗೆ ಬಂದು ಕೂತಿದ್ದರೆ ಅದನ್ನು ಅಲ್ಲಾಡಿಸಬೇಡ, ತಲೆಕೆಳಗೆ ಮಾಡಬೇಡ, ಒಳಗೆ ಏನಿರಬಹುದು ಅಂತ ಕಿವಿಗಿಟ್ಟು ನೋಡಬೇಡ. ಅದರಲ್ಲಿರುವುದು ನಿನ್ನ ಭಾವನ ಹಡಗು. ನಮ್ಮ ಬಾಗಿಲ ಪಕ್ಕದ ಸ್ಟ್ಯಾಂಡಿನ ಮೇಲೆ ಇರುತ್ತಿತ್ತಲ್ಲ, ಮೂರು ಕಂಬದ್ದು, ಅದೇ.

ಅವರ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಗಿದ್ದು ನಿನಗೆ ಗೊತ್ತು. ಆಸ್ಪತ್ರೆಯಿಂದ ಫೋನ್ ಮಾಡಿದಾಗ ನೀನು "ಬರ್ಲಾ?" ಅಂದೆ, ನಾನು "ಬೇಡ" ಅಂದೆ. ಒಂದೇ ಮಾತಿಗೆ ಒಪ್ಪಿಕೊಂಡುಬಿಟ್ಟೆಯಲ್ಲ, ಅದು ನನಗೆ ಇನ್ನೂ ಹೊಟ್ಟೆ ಉರಿಸುತ್ತಿದೆ. ಇರಲಿ. ಅವತ್ತು ಅವರನ್ನು ಸ್ಟ್ರೆಚರಿನಲ್ಲಿ ಎತ್ತಿಕೊಂಡು ಹೋಗುವಾಗ ನಮ್ಮ ಬಾಗಿಲ ಹತ್ತಿರ ತಿರುಗಿಸಲು ಜಾಗ ಸಾಲಲಿಲ್ಲ. ಅದರ ಹಿಡಿ ಸ್ಟ್ಯಾಂಡಿಗೆ ಬಡಿದು ಹಡಗು ನೆಲಕ್ಕೆ ಬಿತ್ತು. ಆಗ ಯಾರಿಗಿತ್ತು ಅದನ್ನು ನೋಡುವ ಪುರುಸೊತ್ತು! ಆಮೇಲೆ ಆಸ್ಪತ್ರೆಗೆ ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದಾಗ ಚೂರುಗಳನ್ನೆಲ್ಲ ಗುಡಿಸಿ ದಿಂಬಿನ ಕವರಿಗೆ ತುಂಬಿಟ್ಟೆ. ಬಾವುಟ ಮಾತ್ರ ಬೇರೆಯಾಗಿ ಬೆಂಕಿಪೊಟ್ಟಣದಲ್ಲಿದೆ. ಅದನ್ನು ಕಳೆದುಹಾಕಬೇಡ ಮಾರಾಯ, ಆ ಕೊಡೆ ಬಟ್ಟೆ ಇನ್ನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಈಗ ಅವರು ಮನೆಯಲ್ಲಿದ್ದಾರೆ. ಬಲಗೈ ಸರಿಯಾಗಿ ಆಡುವುದಿಲ್ಲ, ಅದು ಸರಿಹೋಗುತ್ತದಂತೆ. ನನ್ನ ಹೆದರಿಕೆ ಕೈಯದ್ದಲ್ಲ. ಎಲ್ಲದಕ್ಕೂ "ಹೂಂ" ಅನ್ನುತ್ತಾರೆ. ಚಹಾ ಬೇಕಾ ಅಂದರೆ ಹೂಂ. ಬೇಡವಾ ಅಂದರೆ ಹೂಂ. ಕಿಟಕಿ ಹಾಕಲಾ, ಹೂಂ, ತೆಗೆಯಲಾ, ಹೂಂ. ನಮ್ಮ ಮನೆಯ ಟೀವಿ ರಿಮೋಟಿನ ಜೊತೆಗೂ ವಾದ ಮಾಡುತ್ತಿದ್ದ ಮನುಷ್ಯ ಅವರು. ಖಾಲಿ ಸ್ಟ್ಯಾಂಡನ್ನು ದಿನವೂ ನೋಡುತ್ತಾರೆ, ಹಡಗು ಎಲ್ಲಿ ಅಂತ ಒಂದು ಸಲವೂ ಕೇಳಿಲ್ಲ. ಮನೆಗೆ ನನ್ನ ಗಂಡನನ್ನೇ ಕರೆದುಕೊಂಡು ಬಂದೆನೋ ಇಲ್ಲ ಅವರ ಹಾಗೇ ಕಾಣುವ ಬೇರೆ ಯಾರನ್ನೋ ಅಂತ ನನಗೆ ಗೊತ್ತಾಗುತ್ತಿಲ್ಲ ಕಡ್ಡಿ. ಹಳೆಯ ಸಾಮಾನು ಕಣ್ಣೆದುರಿಗಿರಲಿ, ಅದರಿಂದ ಏನಾದರೂ ಮರಳಿ ಬರಬಹುದು, ಆದರೆ ಉದ್ವೇಗ ಮಾತ್ರ ಆಗಬಾರದು ಅಂತ ಡಾಕ್ಟರು ಹೇಳಿದ್ದಾರೆ.

ಅದಕ್ಕೇ ಇದನ್ನು ಸರಿಮಾಡಿ ಕಳಿಸು. ಫೋನ್ ಮಾಡಬೇಡ. ಈ ಎರಡು ಕೋಣೆಯಲ್ಲಿ ಪಿಸುಗುಟ್ಟಿದರೂ ಅವರ ಮಂಚಕ್ಕೆ ಕೇಳಿಸುತ್ತದೆ. ಅಲ್ಲದೆ ನಾವಿಬ್ಬರೂ ಹಲೋ ಮುಗಿಯುವ ಮೊದಲೇ ಜಗಳಕ್ಕೆ ಬೀಳುತ್ತೇವೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತೆಲ್ಲ ಜೋಡಿಸಿದವಳು ನಾನು, ಒಡಹುಟ್ಟಿದವನ ಜೊತೆ ಮಾತ್ರ ಲೈನ್ ಸಿಗುವುದಿಲ್ಲ.

ಮತ್ತೆ, ನೀನು ತೆಗೆದುಕೊಂಡು ಹೋಗಿದ್ದ, ಹಡಗು ಕಟ್ಟುವ ಅವರ ಚಿಮಟವನ್ನು ದಯವಿಟ್ಟು ಹಡಗಿನ ಜೊತೆಗೇ ಕಳಿಸು. ಒಂದು ಚಿಮಟಕ್ಕೋಸ್ಕರ ವರ್ಷಗಟ್ಟಲೆ ಮುಖ ಊದಿಸಿಕೊಂಡು ಕೂತ ಗಂಡಸರನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಕ್ಕ

*

ಜೂನ್ ೧೧

ಅಕ್ಕನಿಗೆ,

ಪೆಟ್ಟಿಗೆ ಬಂತು. ಅಲ್ಲಾಡಿಸಲಿಲ್ಲ. ಕಿವಿಗೆ ಇಟ್ಟೆ, ಅದು ನಿಜ.

ದಿಂಬಿನ ಕವರು ಬಿಚ್ಚಿ ಮೇಜಿನ ಮೇಲೆ ಸುರಿದು ಚೂರುಗಳನ್ನು ಒಂದೊಂದಾಗಿ ಸಾಲಿಗೆ ಇಟ್ಟೆ. ಮುಂದಿನ ಹಾಯಿಕಂಬ ಬುಡದಲ್ಲೇ ಮುರಿದಿದೆ. ನಡುವಿನದು ವಾಲಿದೆ. ಮೂತಿಯಿಂದ ಮುಂದಕ್ಕೆ ಚಾಚಿರುವ ಕಂಬ ಎರಡು ತುಂಡು. ದಾರಗಳೆಲ್ಲ ನೀನು ಹೆಣಿಗೆ ಕಲಿಯಲು ಹೊರಟು ಕೈಬಿಟ್ಟ ಸ್ವೆಟರಿನ ಹಾಗಾಗಿವೆ. ಒಡಲು ಮಾತ್ರ ಎಲ್ಲೂ ಬಿರುಕು ಬಿಟ್ಟಿಲ್ಲ. ಭಾವ ಕಟ್ಟಿದ ಒಡಲು ಹಾಗೆಲ್ಲ ಬಿರುಕು ಬಿಡುವುದೂ ಇಲ್ಲ. ಮಾಡೋಣ, ಆಗುತ್ತದೆ. ನಮ್ಮ ಕಟ್ಟುಹಲ್ಲಿನ ಲ್ಯಾಬಿಗೆ ಬರುವ ದವಡೆಗಳು ಇದಕ್ಕಿಂತ ಕೆಟ್ಟ ಸ್ಥಿತಿಯಲ್ಲಿರುತ್ತವೆ, ಅವಕ್ಕೂ ಹಲ್ಲು ಕೂರಿಸಿ ನಗಿಸಿ ಕಳಿಸುತ್ತೇನೆ.

ನೀನು ಬೇಡ ಅಂದದ್ದಕ್ಕೆ ಬರಲಿಲ್ಲ ಅಂತ ಬರೆದಿದ್ದೀಯ. ನಾನು ಬಂದು ಮಂಚದ ಪಕ್ಕ ನಿಂತರೆ ಅವರು ಗೋಡೆಗೆ ತಿರುಗಿ ಮಲಗುತ್ತಾರೇನೋ ಅಂತ ಹೆದರಿದೆ. ಕಾಯಿಲೆಯ ಮನುಷ್ಯನಿಗೆ ಗೋಡೆ ನೋಡಿಸುವುದು ಯಾಕೆ?

ಚಿಮಟದ ವಿಷಯಕ್ಕೆ ಬರುತ್ತೇನೆ. ಅದನ್ನು ನಾನು ಯಾವತ್ತೋ ವಾಪಸ್ ಕೊಟ್ಟಿದ್ದೇನೆ, ಅವರ ಕೈಗೇ ಕೊಟ್ಟಿದ್ದೇನೆ. ಆ ಜಗಳ ಚಿಮಟದ್ದಲ್ಲವೇ ಅಲ್ಲ. ಅವರು ನಿನಗೆ ಹಾಗೆ ಹೇಳಿದ್ದರೆ ಹಾಗೇ ಇರಲಿ. ನಾನು ಬಾಯಿ ಬಿಡುವುದಿಲ್ಲ.

ಒಂದು ಕೇಳಬೇಕು. ಹಡಗನ್ನು ನನಗೆ ಕಳಿಸು ಅಂತ ಭಾವನೇ ಹೇಳಿದರಾ? ಹೌದಾದರೆ ಹೌದು ಅಂತ ಬರಿ. ಸುಮ್ಮನೆ ತಿಳಿದುಕೊಳ್ಳಲು ಕೇಳಿದೆ.

ನಿನ್ನ ಕಡ್ಡಿ

*

ಜೂನ್ ೧೭

ಕಡ್ಡಿ,

ಸುಳ್ಳು ಹೇಳಿ ನಿನ್ನನ್ನು ಖುಷಿಪಡಿಸಬಹುದಿತ್ತು. "ತಮ್ಮನಿಗೆ ಕಳಿಸ್ಲಾ?" ಅಂತ ಕೇಳಿದೆ. ಹೂಂ ಅಂದರು. "ಗುಜರಿಗೆ ಹಾಕ್ಲಾ?" ಅಂತಲೂ ಕೇಳಿ ನೋಡಿದೆ. ಅದಕ್ಕೂ ಹೂಂ. ಇವೆರಡರಲ್ಲಿ ಯಾವ ಹೂಂ ನಿಜ ಅಂತ ನೀನೇ ಆರಿಸಿಕೋ.

ಕೈಕಾಲಿಗೆ ವ್ಯಾಯಾಮ ಮಾಡಿಸಲು ಒಬ್ಬಾಕೆ ಬರುತ್ತಾರೆ, ಒಳ್ಳೆಯ ಗಟ್ಟಿಗಿತ್ತಿ. ನಾನು ಅವರನ್ನು ವ್ಯಾಯಾಮದಮ್ಮ ಅಂತಲೇ ಕರೆಯುವುದು. ಅವರು ಏಳಿ ಅಂದರೆ ನಿನ್ನ ಭಾವ ಏಳುತ್ತಾರೆ, ಕೂತ್ಕೊಳ್ಳಿ ಅಂದರೆ ಕೂರುತ್ತಾರೆ. ವ್ಯಾಯಾಮದಮ್ಮನಿಗೆ ಭಾರೀ ಸಂತೋಷ: "ಇಷ್ಟು ಮಾತು ಕೇಳೋ ಪೇಷಂಟು ನನಗೆ ಸಿಕ್ಕೇ ಇರ್ಲಿಲ್ಲ ಕಣಮ್ಮಾ!" ನಾನು ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ತಿರುಗಿಸಿಕೊಂಡು ಅತ್ತೆ. ಮಾತು ಕೇಳುವ ಗಂಡ ನನಗೆ ಬೇಕಾಗಿರಲಿಲ್ಲ.

ಮೊನ್ನೆ ಬೇಕಂತಲೇ ಊಟಕ್ಕೆ ಉಪ್ಪೇ ಹಾಕಲಿಲ್ಲ. ಹಿಂದೆ ಆಗಿದ್ದರೆ ಆ ತಟ್ಟೆ ಹಿಡಿದುಕೊಂಡು ಒಂದು ಭಾಷಣ ಆಗುತ್ತಿತ್ತು. ಪೂರ್ತಿ ತಿಂದರು. "ಚೆನ್ನಾಗಿತ್ತಾ?" ಅಂದೆ. ಹೂಂ. ನಾನು ತಿಂದಿದ್ದೂ ಅದೇ ಊಟ, ಅರ್ಧಕ್ಕೇ ಎದ್ದೆ. ಇನ್ನೊಂದು ದಿನ ಅವರ ಎದುರೇ ಸ್ಕ್ರೂಡ್ರೈವರಿನಿಂದ ಪೇಂಟಿನ ಡಬ್ಬಿ ಮುಚ್ಚಳ ಎಬ್ಬಿದೆ. ಲಿಫ್ಟ್ ರಿಪೇರಿ ಮಾಡಿಕೊಂಡು ಬದುಕಿದ ಮನುಷ್ಯ, ಅವರ ಸ್ಕ್ರೂಡ್ರೈವರನ್ನು ಯಾರಾದರೂ ಹಾಗೆ ಬಳಸಿದರೆ ರಕ್ತ ಕುದಿಯುತ್ತಿತ್ತು. ಸುಮ್ಮನೆ ನೋಡಿದರು. ಕಣ್ಣಿನಲ್ಲಿ ಏನೋ ಆಡಿದ ಹಾಗಾಯಿತು. ನನ್ನ ಆಸೆಗೆ ಹಾಗೆ ಕಂಡಿತೋ ಏನೋ.

ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಊಟ ನಿದ್ರೆ ಎಲ್ಲ ಆಗುತ್ತಿದೆ. ನೀನು ಹಡಗು ಬೇಗ ಮಾಡು. ಅದು ಬಂದರೆ ಅವರೂ ಬರುತ್ತಾರೆ ಅಂತ ನನ್ನ ಮನಸ್ಸು ಹಠ ಹಿಡಿದು ಕೂತಿದೆ. ಆ ಹಡಗು ನೋಡಿಯೂ ಹೂಂ ಅಂದುಬಿಟ್ಟರೆ ಮುಂದೆ ಏನು ಅಂತ ಯೋಚಿಸಲು ನನಗೆ ಧೈರ್ಯ ಇಲ್ಲ.

ಜಗಳ ಚಿಮಟದ್ದಲ್ಲ ಅಂದರೆ ಇನ್ಯಾವುದರದ್ದು? ಅವತ್ತು ಎಲ್ಲರೂ ಊಟಕ್ಕೆ ಸೇರಿದ್ದಾಗ ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ನೀನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಅವರು "ನನ್ನ ಚಿಮಟ ಎಲ್ಲೋ?" ಅಂತ ಕೂಗುತ್ತಿದ್ದರು. ನಾನು ಕಂಡಿದ್ದು ಅಷ್ಟೇ.

ಅಕ್ಕ

*

ಜುಲೈ ೨

ಅಕ್ಕನಿಗೆ,

ಹಡಗು ಎದ್ದು ನಿಂತಿದೆ. ನಾಳೆ ಪೆಟ್ಟಿಗೆ ಹೊರಡುತ್ತದೆ. ನಮ್ಮ ಲ್ಯಾಬಿನ ಸಾಮಾನು ಸಾಗಿಸುವ ವ್ಯಾನಿನವನು ಆ ಕಡೆ ಹೋಗುತ್ತಿದ್ದಾನೆ, ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡ ಹಾಗೆ ತರಬೇಕು ಅಂತ ಹೇಳಿದ್ದೇನೆ. "ಡ್ರೈವರ್ ನಾನೇ ಅಲ್ವಾ ಸಾರ್, ತೊಡೆ ಮೇಲೆ ಹೇಗೆ ಇಟ್ಕೊಳ್ಳಲಿ?" ಅಂದ. ಪಕ್ಕದ ಸೀಟಿಗೆ ಬೆಲ್ಟ್ ಹಾಕಿ ಕೂರಿಸುತ್ತಾನಂತೆ.

ಏನೇನು ಮಾಡಿದೆ ಅಂತ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ, ನಿನಗೆ ಬೇಸರವಾದರೂ ಓದು. ಮುಂದಿನ ಕಂಬದ ಬುಡಕ್ಕೆ ತೂತು ಕೊರೆದು ಒಳಗೆ ಉಕ್ಕಿನ ಸಣ್ಣ ಸರಳು ಕೂರಿಸಿ ನಿಲ್ಲಿಸಿದ್ದೇನೆ. ಹಲ್ಲಿನ ಬೇರು ಮಾತ್ರ ಉಳಿದವರಿಗೆ ಮಾಡುವುದೂ ಇದನ್ನೇ. ಹಾಯಿಗಳ ಧೂಳು ತೆಗೆದು, ತೆಳು ಗೋಂದಿನಲ್ಲಿ ಅದ್ದಿ, ಬಲ್ಬಿನ ಬೆನ್ನ ಮೇಲೆ ಹರಡಿ ಒಣಗಿಸಿದೆ, ಗಾಳಿ ತುಂಬಿದ ಹಾಗೆ ಮತ್ತೆ ಹೊಟ್ಟೆ ಬಂತು. ಹೊಸ ದಾರ ಹೊಸದಾಗಿ ಕಾಣಬಾರದು ಅಂತ ಚಹಾ ಡಿಕಾಕ್ಷನ್ನಿನಲ್ಲಿ ನೆನೆಸಿಟ್ಟೆ. ನಮ್ಮ ಲ್ಯಾಬಿನವಳು ಗೊತ್ತಿಲ್ಲದೆ ಅದಕ್ಕೆ ಹಾಲು ಸಕ್ಕರೆ ಬೆರೆಸಿ ಕುಡಿಯಲು ಹೋಗಿ ದಾರ ಬಾಯಿಗೆ ಸಿಕ್ಕಿ ಕಿರುಚಿದಳು.

ಈಗ ನಿನಗೊಂದು ಮಾತು, ಭಾವನ ಕಿವಿಗೆ ಹಾಕಬೇಡ. ಹಡಗು ಕಟ್ಟುವ ಈ ಹುಚ್ಚು ನನಗೆ ಹಿಡಿಸಿದ್ದೇ ಅವರು. ಆಮೇಲೆ ನಾನು ಅವರಿಗಿಂತ ಚೆನ್ನಾಗಿ ಕಲಿತೆ ಅಂದುಕೊಂಡೆ. ನಿಮ್ಮ ಮನೆಗೆ ಬಂದಾಗಲೆಲ್ಲ ಈ ಹಡಗನ್ನು ನೋಡಿದ್ದೇನೆ, ಎಲ್ಲಿ ಹುಳುಕು ಸಿಗುತ್ತದೆ ಅಂತ. ಈ ಸಲ ದಾರ ಬಿಡಿಸುತ್ತಾ ಕೂತಾಗ ಸರಿಯಾಗಿ ಕಂಡಿತು. ಸಾಸಿವೆಯಷ್ಟು ರಾಟೆಗಳು, ಒಂದೊಂದಕ್ಕೂ ನಿಜವಾಗಿ ತೂತು ಕೊರೆದಿದ್ದಾರೆ, ಒಂದೊಂದೂ ತಿರುಗುತ್ತದೆ. ನಾನು ಬರೀ ಬಣ್ಣದ ಚುಕ್ಕಿ ಇಟ್ಟು ರಾಟೆ ಅನ್ನಿಸುವವನು. ಕೊನೆಗೆ ಎಲ್ಲ ಕಟ್ಟಿ ಮುಗಿಸಿ ಹಿಂಬದಿಯ ಒಂದು ದಾರ ಎಳೆದೆ. ಮೂರೂ ಕಂಬದ ಹಾಯಿ ಕಟ್ಟಿದ ಅಡ್ಡಪಟ್ಟಿಗಳು ಒಟ್ಟಿಗೆ ತಿರುಗಿದವು, ಸದ್ದಿಲ್ಲದೆ, ಒಳ್ಳೆಯ ಲಿಫ್ಟಿನ ಹಾಗೆ. ಅದನ್ನು ಅವರು ಯಾರಿಗೂ ತೋರಿಸಿರಲಿಲ್ಲ. ನನಗಂತೂ ತೋರಿಸಿರಲಿಲ್ಲ. ನಾನು ಆ ದಾರವನ್ನು ಎಷ್ಟು ಸಲ ಎಳೆದೆ ಅಂತ ಹೇಳಿದರೆ ನೀನು ನಗುತ್ತೀಯ.

ಇದ್ದದ್ದನ್ನು ಇದ್ದ ಹಾಗೇ ಇಟ್ಟಿದ್ದೇನೆ. ಒಂದು ಸಣ್ಣ ವಿಷಯ ಮಾತ್ರ ತಿದ್ದಿದೆ, ಅವರ ಒಳ್ಳೆಯದಕ್ಕೇ. ನಿನ್ನ ಕಣ್ಣಿಗೆ ಅದು ಬೀಳುವುದೂ ಇಲ್ಲ.

ನಾನೇ ತರಬಹುದಿತ್ತು. ಲ್ಯಾಬಿನಲ್ಲಿ ಕೆಲಸ ತುಂಬಾ ಇದೆ.

ಕಡ್ಡಿ

*

ಜುಲೈ ೬

ಕಡ್ಡಿ,

ಎರಡೇ ಸಾಲು ಬರೆಯುತ್ತಿದ್ದೇನೆ. ವ್ಯಾನಿನವನು ಬಂದ, ಹಡಗಿಗೆ ಬೆಲ್ಟ್ ಹಾಕಿಯೇ ತಂದಿದ್ದ. ಅವರು ಸ್ನಾನಕ್ಕೆ ಹೋಗಿದ್ದಾಗ ಸ್ಟ್ಯಾಂಡಿನ ಮೇಲೆ ಇಟ್ಟು ಹಾಸಿಗೆಯ ಬಿಳಿ ಹೊದಿಕೆ ಮುಚ್ಚಿದ್ದೇನೆ. ಮುಚ್ಚುವ ಮೊದಲು ಒಮ್ಮೆ ನೋಡಿದೆ. ಬಿದ್ದದ್ದು ಇದೇನಾ ಅನ್ನಿಸಿತು. ನಿನ್ನ ಕೈಗೆ ಒಳ್ಳೆಯದಾಗಲಿ.

ನಾಡಿದ್ದು ವ್ಯಾಯಾಮದಮ್ಮ ಬರುತ್ತಾರೆ. ಅವರಿರುವಾಗಲೇ ಹೊದಿಕೆ ತೆಗೆಯುತ್ತೇನೆ. ನನಗೊಬ್ಬಳಿಗೇ ಕೈ ಬರುತ್ತಿಲ್ಲ. ಲ್ಯಾಬಿನಲ್ಲಿ ಕೆಲಸ ಇದೆ ಅಂತ ಬರೆದಿದ್ದೀಯ, ನಂಬಿದ್ದೇನೆ ಅಂದುಕೋ.

ಅಕ್ಕ

*

ಜುಲೈ ೭

ಅಕ್ಕಾ,

ಹಡಗನ್ನು ಅವರಿಗೆ ತೋರಿಸಬೇಡ! ತೋರಿಸಿಲ್ಲ ತಾನೇ? ಫೋನ್ ಮಾಡೋಣ ಅಂದರೆ ನಿನ್ನ ಫೋನು ಅವರ ತಲೆದಿಂಬಿನ ಹತ್ತಿರ ಇರುತ್ತದೆ. ಇದನ್ನು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ನಾನು ತಿದ್ದಿದ್ದು ಬಾವುಟವನ್ನು. ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಒಗೆದ ಬಟ್ಟೆ ಒಣಹಾಕಿದಾಗ ತಂತಿಯ ಮೇಲೆ ದೊಡ್ಡ ಹೊದಿಕೆ ಒಂದು ಕಡೆಗೆ, ಪಕ್ಕದ ಕರವಸ್ತ್ರ ಇನ್ನೊಂದು ಕಡೆಗೆ ಹಾರುವುದನ್ನು ಯಾವತ್ತಾದರೂ ನೋಡಿದ್ದೀಯಾ? ಗಾಳಿ ಒಂದೇ ಅಲ್ಲವೇ. ಹಾಯಿ ಹಡಗಿಗೆ ಗಾಳಿ ಹಿಂದಿನಿಂದ ಬೀಸುತ್ತದೆ, ಹಾಯಿಗಳ ಹೊಟ್ಟೆ ಮುಂದಕ್ಕೆ ಉಬ್ಬುತ್ತದೆ, ಹಾಗಾದಾಗ ಕಂಬದ ತುದಿಯ ಬಾವುಟವೂ ಮುಂದಕ್ಕೇ ಹಾರಬೇಕು. ಭಾವನ ಹಡಗಿನಲ್ಲಿ ಅದು ಹಿಂದಕ್ಕೆ ಹಾರುತ್ತಿತ್ತು. ಓಡುವ ಗಾಡಿಗೆ ಕಟ್ಟಿದ ಬಾವುಟ ನೋಡಿದವರು ಹಡಗು ಕಟ್ಟಲು ಕೂತರೆ ಮೊದಲು ಮಾಡುವ ತಪ್ಪು ಇದು.

ಅವತ್ತು ಊಟದ ದಿನ ಎಲ್ಲರೆದುರು ನಾನು ಇದನ್ನೇ ಎತ್ತಿ ಆಡಿದೆ. "ಭಾವನಿಗೆ ಮೇಲೆ ಕೆಳಗೆ ಗೊತ್ತು, ಹಿಂದೆ ಮುಂದೆ ಗೊತ್ತಿಲ್ಲ" ಅಂದೆ. ಲಿಫ್ಟಿನ ತಮಾಷೆ, ಎಲ್ಲರೂ ನಕ್ಕರು. ಭಾವ ಅಡುಗೆಮನೆಯ ಕಡೆ ಒಂದು ಸಲ ನೋಡಿ, ಮೆಲ್ಲಗೆ "ಅದು ಹಾಗೇ ಇರ್ಲಿ ಬಿಡು" ಅಂದರು. ನಾನು ಬಿಡಲಿಲ್ಲ. ತಿರುಗಿಸುತ್ತೇನೆ ಅಂತ ಕೈಯನ್ನೂ ಚಾಚಿದೆ. ಆಗಲೇ ಅವರು ಎದ್ದು ಚಿಮಟ ಎಲ್ಲಿ ಅಂತ ಗಲಾಟೆ ಶುರು ಮಾಡಿದ್ದು. ತಪ್ಪು ಒಪ್ಪಿಕೊಳ್ಳಲಾರದೆ ಮಾತು ಮರೆಸುತ್ತಿದ್ದಾರೆ ಅಂದುಕೊಂಡು ನಾನು ಹೊರಟುಬಂದೆ.

ಈ ಸಲ ಬಾವುಟ ಹೇಗೂ ಕಿತ್ತು ಬಂದಿತ್ತು, ಕೈಯಲ್ಲಿ ಗೋಂದೂ ಇತ್ತು. ಅಷ್ಟು ಚಂದದ ಹಡಗಿಗೆ ಅದೊಂದು ಯಾಕೆ ಅಂತ ಸರಿಯಾದ ದಿಕ್ಕಿಗೆ ಅಂಟಿಸಿಬಿಟ್ಟೆ. ಇನ್ನು ಮುಂದೆ ಯಾರೂ ಅವರನ್ನು ನೋಡಿ ನಗಬಾರದು ಅಂತ, ಸತ್ಯವಾಗಿ ಅಷ್ಟೇ. ಕಳಿಸಿದ ಮೇಲೆ ತಲೆಗೆ ಹೊಳೆಯಿತು: ಕಾಯಿಲೆ ಬಿದ್ದಾಗ ಹೊಂಚು ಹಾಕಿ ಗೆದ್ದ ಅಂತ ಅವರಿಗೆ ಅನ್ನಿಸುವುದಿಲ್ಲವೇ? ಉದ್ವೇಗ ಆಗಬಾರದು ಅಂತ ನೀನು ಬರೆದಿದ್ದೀಯ. ಹಡಗನ್ನು ಅವರ ಕಣ್ಣಿಗೆ ಬೀಳದ ಹಾಗೆ ಇಡು. ಬಾವುಟವನ್ನು ಮೆಲ್ಲಗೆ ಕಿತ್ತು ಮತ್ತೆ ಬೆಂಕಿಪೊಟ್ಟಣದಲ್ಲಿಡು. ಬಾವುಟ ಇಲ್ಲದಿದ್ದರೆ ಯಾವ ದಿಕ್ಕೂ ಇಲ್ಲ, ಯಾವ ಜಗಳವೂ ಇಲ್ಲ.

ಕಡ್ಡಿ

*

ಜುಲೈ ೮

ಕಡ್ಡೀ,

ಕೂತ್ಕೊಂಡು ಓದು.

ವ್ಯಾಯಾಮದಮ್ಮ ಬಂದು ಅವರನ್ನು ಕುರ್ಚಿಯಲ್ಲಿ ಕೂರಿಸಿದರು. ನಾನು ಹೊದಿಕೆ ಎಳೆದೆ. ಹಡಗು ನೋಡಿದರು. ನಾನು ಅವರ ಮುಖ ನೋಡಿದೆ. "ಹೂಂ" ಅಂದರು.

ನನ್ನ ಕೈಯಲ್ಲಿದ್ದ ಹೊದಿಕೆಯನ್ನು ಮಡಚುತ್ತಾ ನಿಂತೆ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದೆ. ಆಯಿತು, ಇನ್ನು ಇದೇ ನಮ್ಮ ಬದುಕು, ಇವರ ಹೂಂಗೆ ನಾನು ಒಗ್ಗಿಕೊಳ್ಳಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ವ್ಯಾಯಾಮದಮ್ಮ ಪಾಪ, ಏನೂ ಆಗಿಲ್ಲವೆಂಬಂತೆ ಅವರ ಬಲಗೈ ಹಿಡಿದು ಮಣಿಕಟ್ಟು ಆಡಿಸಲು ಶುರು ಮಾಡಿದರು.

ಸ್ವಲ್ಪ ಹೊತ್ತಾದ ಮೇಲೆ ನಿನ್ನ ಭಾವ ಕೈ ಹಿಂದಕ್ಕೆ ಎಳೆದುಕೊಂಡರು. ವ್ಯಾಯಾಮದಮ್ಮನ ಹೆಗಲ ಮೇಲಿಂದ ಇಣುಕಿ ನೋಡುತ್ತಿದ್ದರು.

"ಯಾರು ತಿರುಗ್ಸಿದ್ದು?"

"ನಾನೇ ಸರ್, ನೋವಾಯ್ತಾ? ನಿಧಾನ ತಿರುಗಿಸ್ತೀನಿ" ಅಂದರು ವ್ಯಾಯಾಮದಮ್ಮ.

"ನೀವಲ್ರೀ! ಬಾವುಟ! ಬಾವುಟ ಯಾರು ತಿರುಗ್ಸಿದ್ದು? ಯಾವ ಕತ್ತೆ?"

ಕಡ್ಡಿ, ಅದು ಅವರದೇ ದನಿ. ಮೇಲಿನ ಮಹಡಿಯಿಂದ ಕೆಳಗಿನ ಮಹಡಿಗೆ ಕೂಗಿ ಕೂಗಿ ಅಭ್ಯಾಸವಾದ ಅದೇ ದನಿ. ನನ್ನ ಕಡೆ ತಿರುಗಿದರು. "ಇದು ಆ ಹಲ್ಲು ಡಾಕ್ಟ್ರ ಕೆಲ್ಸ. ನನಗೆ ಹೇಳ್ಬೇಡ, ಆ ಗಂಟು ನೋಡಿದ್ರೆ ಗೊತ್ತಾಗಲ್ವಾ? ಹಲ್ಲಿಗೆ ತಂತಿ ಸುತ್ತೋ ಹಾಗೆ ಸುತ್ತಿದಾನೆ. ಕಂಬ ಪರವಾಗಿಲ್ಲ, ಚೆನ್ನಾಗಿ ನಿಲ್ಸಿದಾನೆ. ಬಾವುಟಕ್ಕೆ ಕೈ ಹಾಕು ಅಂತ ಅವನಿಗೆ ಯಾರು ಹೇಳಿದ್ದು? ಅವನು ಬಂದಿದ್ನಾ? ಎಲ್ಲಿ ಅವನು? ಚಿಮಟ ತಂದ್ಕೊಟ್ನಾ?"

ಚಿಮಟ ಅಂದ ತಕ್ಷಣ ನನಗೆ ತಡೆಯಲಾಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ನಕ್ಕೆ, ಅಳುತ್ತಿದ್ದೇನೆ ಅಂತ ಆಮೇಲೆ ಗೊತ್ತಾಯಿತು. ಅದೂ ನೆನಪಿದೆ! ಆ ಹಾಳು ಚಿಮಟ ಕೂಡ ನೆನಪಿದೆ ಅಂದ ಮೇಲೆ ಇನ್ನು ಯಾವುದು ಹೋಗಿದ್ದೀತು? ವ್ಯಾಯಾಮದಮ್ಮ ಗಾಬರಿಯಾಗಿ ನಿನ್ನ ಭಾವನ ಬಿ.ಪಿ. ನೋಡಿದರು, ಅದು ಸರಿಯಾಗೇ ಇತ್ತು. "ಇಷ್ಟು ದಿನ ಯಾಕೆ ಮಾತೇ ಆಡಲಿಲ್ಲ?" ಅಂತ ನಾನು ಕೇಳಿದರೆ, "ಮಾತು ಒಳಗೇ ಇತ್ತು, ಹೊರಗೆ ಬರೋ ದಾರಿ ಸಿಕ್ತಿರ್ಲಿಲ್ಲ. ಮಹಡಿ ಮಧ್ಯೆ ನಿಂತುಹೋದ ಲಿಫ್ಟು ನೋಡಿದೀಯಲ್ಲ, ಹಾಗೆ" ಅಂದರು. ಆಮೇಲೆ "ಅವತ್ತು ಉಪ್ಪು ಯಾಕೆ ಹಾಕಿರ್ಲಿಲ್ಲ?" ಅಂದರು. ಸ್ಕ್ರೂಡ್ರೈವರಿನ ಲೆಕ್ಕವೂ ಬಂತು. ವ್ಯಾಯಾಮದಮ್ಮ ಹೊರಡುವಾಗ ಏಳಿ ಅಂದರು, "ಏಳಲ್ಲ" ಅಂದರು ನನ್ನ ಗಂಡ.

ಸಂಜೆ ನಿಧಾನವಾಗಿ, ತಡವರಿಸುತ್ತಾ ಇನ್ನೂ ಮಾತಾಡಿದರು. ಕೆಲವು ಪದ ಸಿಗುವುದಿಲ್ಲ, ಕೋಪ ಬರುತ್ತದೆ. ಬರಲಿ, ಎಷ್ಟು ಬೇಕಾದರೂ ಬರಲಿ. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ, ತುಂಬಾ ಒಳ್ಳೆಯ ಲಕ್ಷಣ ಅಂದರು.

ಒಂದೇ ಒಂದು ಅರ್ಥವಾಗಲಿಲ್ಲ. ಬಾವುಟದ ವಿಷಯ ಏನು ಅಂದರೆ ಮಾತ್ರ ಬಾಯಿ ಮುಚ್ಚಿಕೊಂಡು ಕಿಟಕಿ ನೋಡುತ್ತಾರೆ. ನೀನಾದರೂ ಹೇಳು.

ಅಕ್ಕ

*

ಜುಲೈ ೧೨

ಕಡ್ಡಿ,

ನಿನ್ನ ತುರ್ತು ಅಂಚೆ ಮೊನ್ನೆ ಬಂತು. ತೋರಿಸಬೇಡ ಅನ್ನುವ ಕಾಗದ ತೋರಿಸಿದ ಮೇಲೆ ಬಂದದ್ದು ನಮ್ಮೆಲ್ಲರ ಪುಣ್ಯ. ಓದಿದೆ, ಎದ್ದು ಹೋಗಿ ಹಿತ್ತಿಲ ತಂತಿಯ ಮೇಲಿನ ಬಟ್ಟೆ ನೋಡಿದೆ. ಹೊದಿಕೆ ಟವೆಲು ಎಲ್ಲ ಒಂದೇ ಕಡೆಗೆ ಹಾರುತ್ತಿದ್ದವು. ಅಲ್ಲೇ ಬಕೆಟ್ಟು ಬೋರಲು ಹಾಕಿ ಕೂತುಬಿಟ್ಟೆ.

ಆ ಬಾವುಟ ನಾನು ಮಾಡಿದ್ದು ಕಣೋ.

ಮದುವೆಯಾದ ಹೊಸದು. ಹಡಗು ಆಗಷ್ಟೇ ಮುಗಿದಿತ್ತು, ಬಾವುಟ ಒಂದು ಬಾಕಿ ಅನ್ನುತ್ತಿದ್ದರು. ನನ್ನ ಕೆಂಪು ಕೊಡೆಯ ಕಡ್ಡಿ ಮುರಿದು ಮೂಲೆ ಸೇರಿತ್ತು. ಅವರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅದರ ಬಟ್ಟೆ ಕತ್ತರಿಸಿ, ಅಂಚು ಹೊಲಿದು, ಗಂಜಿ ಹಾಕಿ, ಬೆರಳಲ್ಲೇ ಅಲೆ ಅಲೆಯಾಗಿ ಮಾಡಿ, ಅವರ ಗೋಂದು ತೆಗೆದು ಕಂಬದ ತುದಿಗೆ ಅಂಟಿಸಿದೆ. ಹಡಗು ಮುಂದೆ ಹೋದರೆ ಬಾವುಟ ಹಿಂದೆ ಹಾರುತ್ತದೆ, ಅದಕ್ಕೆ ಯೋಚನೆ ಬೇರೆ ಬೇಕೇ! ಅವರು ಬಂದವರು ಶೂ ಕೂಡ ಬಿಚ್ಚದೆ ಅದರ ಮುಂದೆ ನಿಂತರು. ತುಂಬಾ ಹೊತ್ತು ನೋಡಿದರು. ನಾನು ಕೇಳಿದೆ, ಹೇಗಿದೆ ಅಂತ. "ತುಂಬಾ ಚೆನ್ನಾಗಿದೆ" ಅಂದರು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಪಾಪ ಅಂದುಕೊಂಡಿದ್ದೆ ನಾನು, ಇಷ್ಟು ಕಾಲವೂ ಹಾಗೇ ಅಂದುಕೊಂಡಿದ್ದೆ. ನೋಡುತ್ತಿದ್ದದ್ದು ದಿಕ್ಕನ್ನು!

ನಿನ್ನೆ ಕುರ್ಚಿ ಎಳೆದುಕೊಂಡು ಅವರೆದುರು ಕೂತೆ.

"ಬಾವುಟ ತಪ್ಪು ದಿಕ್ಕಿಗಿದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಶೂ ಬಿಚ್ಚೋಕಿಂತ ಮುಂಚಿನಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನಾನೇನು ಅಳ್ತಿದ್ನಾ?"

"ಅಳ್ತಿದ್ದೆ."

ಅದು ನಿಜ, ಅಳುತ್ತಿದ್ದೆ. ಈಗ ಅತ್ತೆನಲ್ಲ, ಹಾಗೆ.

ಅಲ್ಲ ಕಡ್ಡಿ, ಎಲ್ಲರೆದುರು ನೀನು ಆಡಿಕೊಂಡಾಗ "ಇದು ನನ್ನ ಹೆಂಡ್ತಿ ಮಾಡಿದ್ದು" ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನಾನು ಅಡುಗೆಮನೆಯಲ್ಲಿದ್ದೆ, ಕೇಳಿಸಿಕೊಂಡುಬಿಡುತ್ತೇನೆ ಅಂತ ಚಿಮಟದ ಗಲಾಟೆ ಎಬ್ಬಿಸಿದ್ದಾರೆ. ದಡ್ಡ ಅನ್ನಿಸಿಕೊಂಡರು, ಭಾವಮೈದನನ್ನು ಕಳೆದುಕೊಂಡರು, ಬಾವುಟವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಇಂಥ ಮನುಷ್ಯನನ್ನು ಏನು ಮಾಡಬೇಕು ಹೇಳು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎದ್ದು ಹೋಗಿ ಅವರ ತಲೆಗೂದಲು ಬಾಚಿದೆ, ಆಪರೇಷನ್ ಆದಲ್ಲಿ ಈಗ ಸ್ವಲ್ಪ ಬೆಳೆದಿದೆ.

"ಈಗ ಸರಿಯಾಗಿದೆಯಲ್ಲ, ಹೀಗೇ ಇರ್ಲಿ" ಅಂದೆ. ಒಪ್ಪಲಿಲ್ಲ. ನಿನಗೆ ಬರೆಯಲು ಹೇಳಿದ್ದಾರೆ. ಒಂದಕ್ಷರ ಬದಲಾಯಿಸಬಾರದಂತೆ, ಇಗೋ:

"ಹಲ್ಲು ಡಾಕ್ಟರಿಗೆ. ಕಂಬ ಚೆನ್ನಾಗಿ ಕೂರಿಸಿದ್ದೀಯ. ದಾರದ ಬಣ್ಣ ಹಿಡಿಸಿತು. ಹಿಂದಿನ ದಾರ ಎಳೆದು ನೋಡಿರುತ್ತೀಯ ಅಂತ ಗೊತ್ತು, ನೋಡದೆ ಇರುವವನಲ್ಲ ನೀನು. ಬಾವುಟದ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ಆದರೆ ನನ್ನ ಹಡಗಿನಲ್ಲಿ ಅದು ತಪ್ಪಾಗಿಯೇ ಇರಬೇಕು. ಬಲಗೈ ಇನ್ನೂ ನನ್ನ ಮಾತು ಕೇಳುತ್ತಿಲ್ಲ, ಆದ್ದರಿಂದ ತಿರುಗಿಸಿದವನೇ ಬಂದು ಮತ್ತೆ ತಿರುಗಿಸಿ ಹೋಗು. ಗೋಡೆ ಕಡೆ ಮುಖ ಮಾಡುವುದಿಲ್ಲ. ಚಿಮಟ ತಾ."

ಗೋಡೆಯ ಮಾತು ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಬೇಡ. ನಿನ್ನ ಕಾಗದಗಳನ್ನೆಲ್ಲ ಓದಿ ಹೇಳಿದ್ದೇನೆ. ಅವರಿಗೆ ಹೇಳಬೇಡ ಅಂತ ನೀನು ಬರೆದಿದ್ದನ್ನು ಎರಡು ಸಲ ಓದಿಸಿಕೊಂಡರು.

ಅಕ್ಕ

*

ಜುಲೈ ೧೬

ಅಕ್ಕಾ,

ಲ್ಯಾಬಿಗೆ ರಜ ಹಾಕಿದ್ದೇನೆ. ಹಲ್ಲಿಗೆ ಕಾಯುತ್ತಿರುವವರು ಇನ್ನು ಕೆಲವು ದಿನ ಗಂಜಿ ಕುಡಿಯಲಿ. ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ನಿನ್ನ ಕಾಗದವನ್ನು ಲ್ಯಾಬಿನ ಮೇಜಿನ ಹತ್ತಿರ ನಿಂತೇ ಓದಿದೆ. ಕಣ್ಣಿಗೆ ಏನು ಬಿತ್ತು ಅಂತ ಲ್ಯಾಬಿನವಳು ಕೇಳಿದಳು. ಪ್ಲಾಸ್ಟರ್ ಪುಡಿ ಅಂದೆ. ಭಾವನಿಗೆ ಗಾಳಿ ಗೊತ್ತಿಲ್ಲ ಅಂತ ಎಲ್ಲರ ಮುಂದೆ ನಕ್ಕವನು ನಾನು. ಆ ಮನೆಯಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ಅವರೊಬ್ಬರಿಗೇ ಸರಿಯಾಗಿ ಗೊತ್ತಿದ್ದದ್ದು.

ಇನ್ನೊಂದು ವಿಷಯ. ಇದನ್ನೂ ನೀನು ಓದಿ ಹೇಳಿಬಿಡುತ್ತೀಯ, ಹೇಳು. ಬರುವಾಗ ಬೇಕಾದ ಸಾಮಾನು ತೆಗೆದಿಟ್ಟುಕೊಳ್ಳೋಣ ಅಂತ ಡ್ರಾಯರನ್ನು ಪೂರ್ತಿ ಹೊರಗೆಳೆದೆ. ಅದರ ಹಿಂದೆ, ಗೋಡೆ ಮತ್ತು ಮೇಜಿನ ಸಂದಿನಲ್ಲಿ, ಭಾವನ ಚಿಮಟ ಬಿದ್ದಿತ್ತು. ಹಿಡಿಗೆ ಅವರು ಸುತ್ತಿದ್ದ ನೀಲಿ ದಾರವೂ ಹಾಗೇ ಇದೆ. ಕೈಗೇ ಕೊಟ್ಟಿದ್ದೇನೆ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದೆನಲ್ಲ! ಬೈಯಿರಿ ಅಂತ ಅವರಿಗೆ ಹೇಳು. ಗಂಟಲು ಬಿಚ್ಚಿ, ಒಂದು ಪದವನ್ನೂ ಉಳಿಸಿಕೊಳ್ಳದೆ ಬೈಯಲಿ. ನಾನು ಬಾಗಿಲಲ್ಲೇ ನಿಂತು ಪೂರ್ತಿ ಕೇಳುತ್ತೇನೆ.

ಬಾವುಟ ಮೆಲ್ಲಗೆ ಬಿಡಿಸುವುದು ನನ್ನ ಕೆಲಸ. ಚಿಮಟದಲ್ಲಿ ಹಿಡಿದುಕೊಳ್ಳುವುದು ಭಾವನ ಎಡಗೈಯ ಕೆಲಸ, ವ್ಯಾಯಾಮದಮ್ಮ ಬೇಡ ಅಂದರೂ. ಗೋಂದು ಹಚ್ಚಿ ಅಂಟಿಸುವುದಕ್ಕೆ ಮಾತ್ರ ನಾವಿಬ್ಬರೂ ಕೈ ಹಾಕುವುದಿಲ್ಲ. ಅದನ್ನು ಮೊದಲು ಮಾಡಿದ ಹಾಗೇ ನೀನೇ ಮಾಡಬೇಕು, ನಿನಗೆ ಯಾವ ದಿಕ್ಕು ಸರಿ ಅನ್ನಿಸುತ್ತದೋ ಆ ದಿಕ್ಕಿಗೆ.

ಕಡ್ಡಿ